ಜೀಪಿನ ಮ್ಯಾಟ್ ಎತ್ತಿ ನೋಡಿದ್ದೀರಾ?

ಮಳೆಗಾಲ ಮುಗಿದು ದಸರಾ ರಜೆಗೆ ಊರಿಗೆ ಹೋಗಿ ಬಂದವರಿಂದ ಈ ಅಂಕಣಕ್ಕೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಅಪ್ಪನ ಹಳೆ ಜೀಪಿದೆ, ಎಂಜಿನ್ ಗಟ್ಟಿ ಇದೆ, ಆದ್ರೆ ಬಾಡಿ ಪೂರ್ತಿ ತುಕ್ಕು. ರಿಪೇರಿ ಮಾಡಿಸೋದಾ, ಗುಜರಿಗೆ ಹಾಕೋದಾ?" ಕೇಳೋರು ಬಹುತೇಕ ನನ್ನ ಹಾಗೇ ಬೆಂಗಳೂರಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟೋರು. ಗಾಡಿ ಇರೋದು ಮಲೆನಾಡಲ್ಲಿ, ಓಡಿಸೋದು ಅಪ್ಪ, ನಿರ್ಧಾರ ಮಾತ್ರ ನಮ್ಮ ತಲೆ ಮೇಲೆ.

ನಮ್ಮನೆಯದ್ದೂ ಇದೇ ಕಥೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, 1994ರ ಡೀಸೆಲ್ ಜೀಪು, ಫೋರ್ ವೀಲ್ ಡ್ರೈವ್. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಮಧ್ಯೆ ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ನನ್ನ ಕಾರು ಬರಲ್ಲ, ಆಟೋ ಬರಲ್ಲ, ಆಂಬುಲೆನ್ಸೂ ಬರಲ್ಲ. ಬರೋದು ಜೀಪು ಮಾತ್ರ. ಅಮ್ಮನಿಗೆ ಆಸ್ತಮಾ ಇದೆ. ಹಾಗಾಗಿ ನಮಗೆ ಜೀಪು ಅಂದ್ರೆ ಹಳೆ ಕಾಲದ ನೆನಪು, ಇನ್‌ಸ್ಟಾಗ್ರಾಂ ಫೋಟೋ, ಅದ್ಯಾವುದೂ ಅಲ್ಲ. ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೋಗೋಕೆ ಇರೋ ಒಂದೇ ದಾರಿ ಅದು.

2024ರಲ್ಲಿ ಅದರ ಆರ್‌ಸಿ ನವೀಕರಣಕ್ಕೆ ಬಂತು. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಎದುರು ನಿಲ್ಲಿಸಿ ಎಫ್‌ಸಿ ಮಾಡಿಸಬೇಕು. ಅದಕ್ಕೆ ಮುಂಚೆ ಬಾಡಿ ಸರಿ ಮಾಡಿಸೋದು ಅಂತ ಹೊರಟಾಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಮುಗಿದು ಈಗ ಎರಡು ಮಳೆಗಾಲ ಕಳೆದಿದೆ. ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಅಂತಲೂ ಗೊತ್ತಾಗಿದೆ.

ತುಕ್ಕು ಅಂದ್ರೆ ಏನು ನಡೀತಿದೆ?

ಪಿಯುಸಿ ಕೆಮಿಸ್ಟ್ರಿ ಸ್ವಲ್ಪ ನೆನಪು ಮಾಡಿಕೊಳ್ಳಿ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ತಗಡಿನ ಮೇಲೆ ಒಂದು ಹನಿ ನೀರು ಕೂತರೆ ಅಲ್ಲೊಂದು ಪುಟಾಣಿ ಬ್ಯಾಟರಿ ತಯಾರಾಗುತ್ತದೆ. ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಪಕ್ಕದ ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಈ ಬ್ಯಾಟರಿ ಇನ್ನೂ ಜೋರಾಗಿ ಓಡುತ್ತದೆ. ಮಂಗಳೂರು, ಕಾರವಾರದ ಗಾಡಿಗಳು ಬೇಗ ತಿಂದುಹೋಗೋದು ಇದಕ್ಕೇ.

ಅಲ್ಯೂಮಿನಿಯಂ ಮೇಲೆ ಬರೋ ಪದರ ಗಟ್ಟಿಯಾಗಿ ಕೂತು ಒಳಗಿನ ಲೋಹವನ್ನು ಕಾಪಾಡುತ್ತದೆ. ತುಕ್ಕು ಹಾಗಲ್ಲ. ಅದು ಸ್ಪಂಜಿನ ಥರ, ನೀರನ್ನು ಹಿಡಿದಿಟ್ಟುಕೊಂಡು ಕೆಳಗಿನ ಕಬ್ಬಿಣಕ್ಕೂ ದಾಟಿಸುತ್ತದೆ. ಜೊತೆಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಪೇಂಟ್ ಗುಳ್ಳೆ ಏಳೋದು, ಎರಡು ತಗಡು ಸೇರಿದ ಜಾಯಿಂಟು ಬಾಯಿ ಬಿಡೋದು ಇದರಿಂದಲೇ.

ಇನ್ನೊಂದು ವಿಷಯ ನನಗೆ ಹೊಸದು. ಕೆಸರು ಮೆತ್ತಿದ ಜಾಗದಲ್ಲಿ, ಎರಡು ತಗಡಿನ ಸಂದಿಯಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಹಾಗಾದ್ರೆ ಅಲ್ಲಿ ತುಕ್ಕೂ ಕಡಿಮೆ ಇರಬೇಕಲ್ವಾ? ಉಲ್ಟಾ. ಆಮ್ಲಜನಕ ಕಡಿಮೆ ಇರೋ ಜಾಗವೇ ಕರಗೋ ಜಾಗ ಆಗುತ್ತದೆ. ಕಣ್ಣಿಗೆ ಕಾಣೋ ಬಾನೆಟ್ ಚೆನ್ನಾಗಿದ್ದು, ಕಾಣದ ಸಂದಿ ತೂತಾಗೋದು ಹೀಗೆ.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಸುತ್ತಮುತ್ತಲ ಗಾಡಿಗಳಿಗೆ ನಾಲ್ಕು ತಿಂಗಳು ಒಣಗೋಕೆ ಬಿಡುವೇ ಸಿಗಲ್ಲ. ಆದ್ರೆ ನಮ್ಮ ಜೀಪಿನ ವಿಷಯದಲ್ಲಿ ಮಳೆಗಿಂತ ದೊಡ್ಡ ಆರೋಪಿ ಹಿಂದಿನ ಫ್ಲೋರ್ ಮೇಲೆ ಸಿಕ್ಕಿತು.

ಮೈಲುತುತ್ತದ ಕಥೆ

ಅಡಿಕೆ ಬೆಳೆಯೋರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗ ಬರದ ಹಾಗೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಇದನ್ನು ಯಾರೂ ಕಬ್ಬಿಣದ ಪಾತ್ರೆಯಲ್ಲಿ ಕಲಸಲ್ಲ, ಪ್ಲಾಸ್ಟಿಕ್ ಡ್ರಮ್ ಬೇಕು. ಹದ ಸರಿಯಾಯ್ತಾ ಅಂತ ನೋಡೋಕೆ ಒಂದು ಹಳೆ ಉಪಾಯ ಇದೆ. ಹೊಳೆಯೋ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯೋದು. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ.

ಆ ಕೆಂಪು ಎಲ್ಲಿಂದ ಬಂತು? ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಯಿತು, ಅದರ ಜಾಗದಲ್ಲಿ ತಾಮ್ರ ಬಂದು ಕೂತಿತು. ಕತ್ತಿಗಾದರೆ ಇದು ಕ್ಷಣದ ಪರೀಕ್ಷೆ, ಒರೆಸಿ ಇಟ್ಟರೆ ಮುಗೀತು. ಜೀಪಿನ ಹಿಂದೆ ಮೂವತ್ತು ವರ್ಷ ಮೈಲುತುತ್ತದ ಚೀಲ ಹೇರಿದ್ದೇವೆ. ಉದುರಿದ ನೀಲಿ ಹರಳು ಮ್ಯಾಟಿನಡಿ ಸೇರಿ, ಮಳೆ ನೀರಲ್ಲಿ ಕರಗಿ, ಅದೇ ಕತ್ತಿ ಪರೀಕ್ಷೆ ಫ್ಲೋರ್ ಮೇಲೆ ಪ್ರತಿ ವರ್ಷ ನಡೆದಿದೆ. ಕೂತ ತಾಮ್ರವೂ ಸುಮ್ಮನಿರಲ್ಲ. ಕಬ್ಬಿಣದ ಪಕ್ಕ ತಾಮ್ರ ಇದ್ದು ಮಧ್ಯೆ ನೀರಿದ್ದರೆ ಸವೆಯೋದು ಕಬ್ಬಿಣವೇ.

ಇದರ ಜೊತೆ ಪೊಟ್ಯಾಷ್ ಗೊಬ್ಬರ. ನಾವು ಹಾಕೋ ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣ. ಸಮುದ್ರದಿಂದ ಇಷ್ಟು ದೂರ ಇದ್ದೂ ನಮ್ಮ ಜೀಪು ಒಂದು ರೀತಿ ಕಡಲತೀರದಲ್ಲೇ ಬದುಕಿತ್ತು. ಮ್ಯಾಟ್ ಎತ್ತಿದಾಗ ಎಡಗಾಲಿನ ಹತ್ತಿರ ಫ್ಲೋರ್ ಮೂಲಕ ನೆಲ ಕಾಣಿಸಿತು.

"ಗಾಳಿ ಚೆನ್ನಾಗಿ ಬರ್ತದೆ ಅಂತ ನಾನು ಸುಮ್ನಿದ್ದೆ," ಅಂದರು ಅಪ್ಪ.

ಮೊದಲು ಹುಡುಕಿ, ಆಮೇಲೆ ದುಡ್ಡಿನ ಮಾತು

ಯಾವ ಗ್ಯಾರೇಜಿಗೂ ಹೋಗೋ ಮುಂಚೆ ಅರ್ಧ ದಿನ ನೀವೇ ಗಾಡಿ ನೋಡಿ. ಬೇಕಾಗೋದು ಟಾರ್ಚು, ಸ್ಕ್ರೂಡ್ರೈವರು, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ. ಗಾಡಿ ತೊಳೆದು ಒಣಗಿಸಿರಬೇಕು. ಕೆಳಗೆ ತೂರೋದಾದರೆ ಬರೀ ಜಾಕ್ ನಂಬಿ ತೂರಬೇಡಿ, ಸ್ಟ್ಯಾಂಡ್ ಇಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದುಹೋದ ತಗಡು ತಟ್ ಅನ್ನುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಹೋದರೆ ಅಲ್ಲಿ ಇರೋದು ಬರೀ ಪೇಂಟ್. ಅಯಸ್ಕಾಂತ ಸರಿಯಾಗಿ ಅಂಟದ ಜಾಗದಲ್ಲಿ ಹಿಂದೆ ಯಾರೋ ಪುಟ್ಟಿ ಮೆತ್ತಿ ಮುಚ್ಚಿದ್ದಾರೆ ಅಂತ ತಿಳ್ಕೊಳ್ಳಿ. ಹಳೆ ಜೀಪು ಕೊಳ್ಳೋಕೆ ಹೊರಟವರಿಗೆ ಈ ಕೊನೆಯ ಪರೀಕ್ಷೆ ತುಂಬಾ ಉಪಯೋಗ.

ನೋಡಲೇಬೇಕಾದ ಜಾಗಗಳು: ಮ್ಯಾಟಿನಡಿ ಫ್ಲೋರ್, ಬ್ಯಾಟರಿ ಕೂರೋ ತಟ್ಟೆ (ಅಲ್ಲಿ ಆಸಿಡ್ ಬೇರೆ ಸೋರಿರುತ್ತದೆ), ಮುಂದಿನ ಗಾಜಿನ ಫ್ರೇಮಿನ ಬುಡ, ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಬದಿ, ಹಿಂದಿನ ಬಾಗಿಲ ಕೆಳ ಅಂಚು, ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡಿದ ಜಾಗಗಳು. ಕೊನೆಗೆ ಚಾಸಿ. ಅದರಲ್ಲೂ ಲೀಫ್ ಸ್ಪ್ರಿಂಗ್ ಕೂರಿಸಿರೋ ಬ್ರ್ಯಾಕೆಟ್ಟುಗಳ ಸುತ್ತ ಮತ್ತು ತೀರಾ ಹಿಂದಿನ ಅಡ್ಡಪಟ್ಟಿ.

ಹಾಗೇ ಕೆಳಗಿರುವಾಗ ಬ್ರೇಕ್ ಪೈಪನ್ನೂ ನೋಡಿ. ಚಾಸಿ ಉದ್ದಕ್ಕೂ ಹೋಗೋ ಸಣ್ಣ ಸ್ಟೀಲ್ ಪೈಪು ಅದು. ಮೇಲೆ ಪದರ ಎದ್ದು ಗುಳಿ ಬಿದ್ದಿದ್ದರೆ ಚರ್ಚೆ ಬೇಡ, ಬದಲಿಸಿ. ಬಾಡಿಯ ತೂತಿಂದ ಕಾಲಿಗೆ ಕೆಸರು ಸಿಡಿಯಬಹುದು, ಬ್ರೇಕ್ ಪೈಪಿನ ತೂತಿಂದ ಆಗುಂಬೆ ಘಾಟಿಯಲ್ಲಿ ಪ್ರಾಣ ಹೋಗಬಹುದು. ನಮ್ಮದರಲ್ಲಿ ಹಿಂದಿನ ಆ್ಯಕ್ಸಲ್‌ಗೆ ಹೋಗೋ ಪೈಪು ಮುಟ್ಟಿದರೆ ಪುಡಿ ಉದುರುತ್ತಿತ್ತು.

ಬಾಡಿನಾ, ಚಾಸಿನಾ?

ಹುಡುಕಾಟದ ಫಲಿತಾಂಶ ಹಿಡಿದು ಮನೆಯಲ್ಲಿ ಮೀಟಿಂಗ್ ಆಯಿತು. "ಇದನ್ನ ಕೊಟ್ಟು ಬಿಡಿ ಮಾವ, ತುಕ್ಕಿಗೆ ಔಷಧ ಇಲ್ಲ," ಅನ್ನೋದು ಭಾವನ ವಾದ. ಬ್ರೋಕರ್ ಒಬ್ಬರು ಇದ್ದ ಹಾಗೇ 1 ಲಕ್ಷ 20 ಸಾವಿರಕ್ಕೆ ಕೇಳಿದ್ದರು. "ಕೊಟ್ಟು ಆಮೇಲೆ?" ಅಂತ ಅಮ್ಮ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹೊಸ ಫೋರ್ ವೀಲ್ ಡ್ರೈವ್ ಅಂದ್ರೆ ಹತ್ತು ಲಕ್ಷ ದಾಟುತ್ತದೆ. ಆ ವರ್ಷ ಅಡಿಕೆಗೂ ಕೊಳೆ ಬಂದಿತ್ತು, ನನ್ನ ಹೋಮ್ ಲೋನೂ ಹೊಸದು.

ತೀರ್ಮಾನ ಕೊಟ್ಟದ್ದು ಪೇಟೆಯ ಟಿಂಕರಿಂಗ್ ಅಣ್ಣ. ಅರವತ್ತರ ಹತ್ತಿರದ ಮನುಷ್ಯ, ನಲವತ್ತು ವರ್ಷದಿಂದ ಇದೇ ಕೆಲಸ. ಬಾಡಿ ಕಡೆ ಸರಿಯಾಗಿ ನೋಡಲೂ ಇಲ್ಲ. ಸೀದಾ ಕೆಳಗೆ ಮಲಗಿ ಚಾಸಿಗೆ ಅರ್ಧ ಗಂಟೆ ಸುತ್ತಿಗೆ ಬಡಿದು ಎದ್ದು ಬಂದರು.

"ನೋಡಿ ಮಾರಾಯ್ರಾ, ಬಾಡಿ ಅಂದ್ರೆ ಅಂಗಿ, ಹರಿದ್ರೆ ಹೊಲಿಬಹುದು. ಚಾಸಿ ಅಂದ್ರೆ ಬೆನ್ನುಮೂಳೆ. ಇದರದ್ದು ಗಟ್ಟಿ ಉಂಟು. ಹಿಂದಿನ ಅಡ್ಡಪಟ್ಟಿ ಒಂದು ಹೋಗಿದೆ, ಅದನ್ನ ಬದಲಿಸುವ. ಸ್ಪ್ರಿಂಗ್ ಬ್ರ್ಯಾಕೆಟ್ ಹತ್ರ ಹೋಗಿದ್ರೆ ನಾನೇ ಬೇಡ ಅಂತಿದ್ದೆ."

ಇದು ಬರೀ ಅನುಭವದ ಮಾತಲ್ಲ, ಎಂಜಿನಿಯರಿಂಗೂ ಹೌದು. ಇವತ್ತಿನ ಬಹುತೇಕ ಕಾರುಗಳಲ್ಲಿ ಬಾಡಿಯೇ ಚಾಸಿ, ಎರಡೂ ಒಂದೇ ಚಿಪ್ಪು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೂ ಗಾಡಿಯ ಬಲವೇ ಕುಗ್ಗುತ್ತದೆ. ಹಳೆ ಜೀಪು, ಜಿಪ್ಸಿಗಳದ್ದು ಏಣಿಯಂಥ ಚಾಸಿ, ಅದರ ಮೇಲೆ ಬಾಡಿ ಬೋಲ್ಟ್ ಮಾಡಿ ಕೂರಿಸಿರೋದು. ಎಂಜಿನ್, ಆ್ಯಕ್ಸಲ್, ಸ್ಟೀರಿಂಗ್ ಎಲ್ಲದರ ಭಾರ ಚಾಸಿ ಮೇಲೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪಿನ ವಿನ್ಯಾಸ ಇದು. 1947ರಲ್ಲಿ ಮಹೀಂದ್ರಾ ನಮ್ಮಲ್ಲಿ ಅದನ್ನು ಜೋಡಿಸೋಕೆ ಶುರು ಮಾಡಿತು. ಬಹುತೇಕ ಚಪ್ಪಟೆ ತಗಡುಗಳು, ಕಣ್ಣಿಗೆ ಕಾಣೋ ಬೋಲ್ಟುಗಳು. ತೀರ್ಥಹಳ್ಳಿಯ ಟಿಂಕರ್ ಕೂಡ ಕತ್ತರಿಸಿ ಬೆಸೆಯಬಹುದಾದ ಗಾಡಿ.

ಹಾಗಾಗಿ ಸೂತ್ರ ಇಷ್ಟೇ. ಬಾಡಿ ತುಕ್ಕು ದುಡ್ಡಿನ ಪ್ರಶ್ನೆ. ಚಾಸಿ ತುಕ್ಕು ಜೀವದ ಪ್ರಶ್ನೆ. ಸ್ಪ್ರಿಂಗ್, ಸ್ಟೀರಿಂಗ್ ಬಾಕ್ಸ್ ಕೂರೋ ಜಾಗದಲ್ಲಿ ಚಾಸಿ ಮೆತ್ತಗಾಗಿದ್ದರೆ, ಎಷ್ಟು ಪ್ರೀತಿ ಇದ್ದರೂ ಜನ ಕೂರಿಸಿ ಓಡಿಸಬೇಡಿ.

ಮೂರು ಥರದ ತುಕ್ಕು, ಮೂರು ಥರದ ಕೆಲಸ

ಮೇಲ್ಮೈ ತುಕ್ಕು: ಕೆಂಪು ಪುಡಿ ಮಾತ್ರ, ಕೆಳಗಿನ ತಗಡು ನುಣುಪು. ಪೇಂಟ್ ಕೆರೆದು, 80 ನಂಬರ್ ಸ್ಯಾಂಡ್‌ಪೇಪರಿಂದ ಶುರು ಮಾಡಿ ಹೊಳೆಯೋ ಲೋಹದವರೆಗೆ ಉಜ್ಜಿ. ಪೇಂಟ್ ಗಟ್ಟಿಯಾಗಿ ಕೂತಿರೋ ಅಂಚಿನವರೆಗೂ ಹೋಗಬೇಕು. ತುಕ್ಕು ಪೇಂಟಿನಡಿ ನುಸುಳಿಕೊಂಡು ಹೋಗಿರುತ್ತದೆ, ಕಂಡ ಮಚ್ಚೆಯಷ್ಟೇ ಉಜ್ಜಿದರೆ ಆರು ತಿಂಗಳಲ್ಲಿ ಅದರ ಸುತ್ತ ಹೊಸ ಉಂಗುರ ಏಳುತ್ತದೆ. ಈ ಕೆಲಸ ಮನೆಯಲ್ಲೇ ಮಾಡಬಹುದು.

ಗುಳಿ ಬಿದ್ದ ತುಕ್ಕು: ಪದರ ಪದರವಾಗಿ ಏಳುತ್ತದೆ, ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಂಡಿ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಪದರ ತೆಗೀಬೇಕು. ತೆಳು ತಗಡಿನ ಮೇಲೆ ಒಂದೇ ಕಡೆ ಒತ್ತಿ ಹಿಡಿಯಬೇಡಿ, ಬಿಸಿಗೆ ಸೊಟ್ಟಗಾಗುತ್ತದೆ. ಕನ್ನಡಕ, ಮಾಸ್ಕ್, ಗ್ಲೌಸ್ ಕಡ್ಡಾಯ, ಬ್ರಷ್ಷಿನ ತಂತಿ ಕಿತ್ತು ಬಾಣದ ಹಾಗೆ ಹಾರುತ್ತದೆ. ಗುಂಡಿಯ ತಳದಲ್ಲಿ ಉಳಿಯೋ ತುಕ್ಕಿಗೆ ರಸ್ಟ್ ಕನ್ವರ್ಟರ್ ಬೇಕು. ಇದರಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ, ತುಕ್ಕನ್ನು ಕಪ್ಪು ಬಣ್ಣದ ಗಟ್ಟಿ ಸಂಯುಕ್ತವಾಗಿ ಬದಲಾಯಿಸುತ್ತದೆ.

ಟ್ಯಾನಿನ್ ಅಂದ್ರೆ ನಮ್ಮ ಅಡಿಕೆ ಚೊಗರಿನಲ್ಲಿರೋದೇ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗೋದು ಇದೇ ರಸಾಯನದಿಂದ. ಇದನ್ನು ಹೇಳಿದ್ದೇ ತಡ, "ಹಂಗಾರೆ ಅಂಗಡಿಯಿಂದ ತರೋದು ಎಂತಕ್ಕೆ? ಹಂಡೆ ತುಂಬಾ ಚೊಗರು ಉಂಟಲ್ಲ, ಬಳಿ!" ಅಂದರು ಅಪ್ಪ. ಲಾಜಿಕ್ ಸರಿ, ಆದ್ರೆ ಚೊಗರಿನಲ್ಲಿ ಟ್ಯಾನಿನ್ ಎಷ್ಟಿದೆ ಅನ್ನೋ ಅಳತೆ ಇಲ್ಲ, ಜೊತೆಗೆ ಇನ್ನೂ ಏನೇನೋ ಅಂಟು ಇರುತ್ತದೆ, ಮೇಲೆ ಪ್ರೈಮರ್ ಹಿಡಿಯಲ್ಲ. ಡಬ್ಬಿಯದ್ದನ್ನೇ ಬಳಸಿ, ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಅದು ಗುಳಿಯ ತಳಕ್ಕೆ ಮಾತ್ರ. ಸಡಿಲ ತುಕ್ಕಿನ ಮೇಲೆ ಬಳಿದರೆ ಪದರದ ಸಮೇತ ಎದ್ದು ಬರುತ್ತದೆ.

ತೂತು: ಇದಕ್ಕೆ ಔಷಧ ಒಂದೇ, ಕತ್ತರಿಸಿ ಹೊಸ ತಗಡು ಬೆಸೆಯೋದು. ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಬೇಕು. ಐದು ರೂಪಾಯಿ ನಾಣ್ಯದಷ್ಟಿದ್ದ ನಮ್ಮ ತೂತು ಕತ್ತರಿಸುತ್ತಾ ಹೋದಾಗ ಊಟದ ತಟ್ಟೆಗಿಂತ ದೊಡ್ಡದಾಯಿತು. ಹೊಸದಕ್ಕೆ 18 ಗೇಜಿನ ಸಿಆರ್ ಶೀಟ್, ಅಂದ್ರೆ ಸುಮಾರು 1.2 ಮಿಲಿಮೀಟರ್ ದಪ್ಪ. ಜಿಐ ಶೀಟ್ ತುಕ್ಕು ಹಿಡಿಯಲ್ಲ ಅಂತ ಕೆಲವರು ಅದನ್ನೇ ಹಾಕಿಸುತ್ತಾರೆ. ಅದರ ಸತುವಿನ ಲೇಪ ಕೆರೆಯದೆ ವೆಲ್ಡ್ ಮಾಡಿದರೆ ಬರೋ ಬಿಳಿ ಹೊಗೆ ಕುಡಿದು ವೆಲ್ಡರಿಗೆ ಜ್ವರ ಬರುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಸತುವೂ ಸುಟ್ಟು ಹೋಗಿರುತ್ತದೆ, ಲಾಭ ಕಡಿಮೆ.

ವೆಲ್ಡಿಂಗ್ ಯಾವುದು ಅಂತ ಕೇಳಿ. ಮಾಮೂಲಿ ರಾಡ್ ವೆಲ್ಡಿಂಗ್ ತೆಳು ತಗಡಿನಲ್ಲಿ ಹೊಸ ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ದೊಡ್ಡ ಜಾಗ ಬಿಸಿ ಮಾಡಿ ತಗಡು ಅಲೆ ಅಲೆಯಾಗಿ ಏಳುತ್ತದೆ. ಗ್ಯಾರೇಜಿನವರು ಸಿಓ2 ವೆಲ್ಡಿಂಗ್ ಅಂತ ಕರೆಯೋದು ಇದ್ದರೆ ಅದು ಒಳ್ಳೆಯದು. ಅದರಲ್ಲೂ ಒಂದೇ ಗೆರೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕುತ್ತಾ, ಆರಲು ಬಿಟ್ಟು, ಮಧ್ಯ ತುಂಬಬೇಕು. ಶುರು ಮಾಡೋ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಸಿ. ಹತ್ತಿರ ಡೀಸೆಲ್ ಟ್ಯಾಂಕಿದ್ದರೆ ಇಳಿಸಿ. ಪಕ್ಕದಲ್ಲಿ ನೀರು, ಮರಳು ಇರಲಿ.

ಪ್ರೈಮರ್, ಇಬ್ಬನಿ ಮತ್ತು ಆತುರ

ಊರ ಕಡೆ ತುಕ್ಕು ಅಂದ್ರೆ ರೆಡ್ ಆಕ್ಸೈಡ್ ಬಳಿಯೋದು ರೂಢಿ. ಕಿಟಕಿ ಸರಳಿಗೆ ಅದು ಸಾಕು. ಕೆಸರು, ಕಲ್ಲು, ನೀರು ಸದಾ ಬಡಿಯೋ ಜೀಪಿನ ತಳಕ್ಕೆ ಎರಡು ಡಬ್ಬಿ ಬೆರೆಸಿ ಬಳಿಯೋ ಎಪಾಕ್ಸಿ ಪ್ರೈಮರ್ ಬೇಕು. ಅದು ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ, ತೇವವನ್ನು ಅಷ್ಟು ಸುಲಭವಾಗಿ ಒಳಗೆ ಬಿಡಲ್ಲ. ಬೆಲೆ ಜಾಸ್ತಿ, ಆದ್ರೆ ಇಲ್ಲಿ ಉಳಿಸೋಕೆ ಹೋಗಬೇಡಿ. ಬೆಸುಗೆ ಹಾಕಿದ ತಗಡಿನ ಹಿಂಬದಿಗೂ ಬಳಿಸಿ. ಮೇಲಿಂದ ಹೊಳೆಯುತ್ತಿದ್ದು ಕೆಳಗಿಂದ ಬರಿಮೈ ಬಿಟ್ಟ ಎಷ್ಟೋ ಕೆಲಸ ನೋಡಿದ್ದೇನೆ. ಜಾಯಿಂಟುಗಳ ಸಂದಿಗೆ ಸೀಮ್ ಸೀಲರ್, ಆಮೇಲೆ ಪೇಂಟ್.

ಸಮಯದ ಮಾತು ಮುಖ್ಯ. ಗಾಳಿಯ ತೇವ 85 ಶೇಕಡಕ್ಕಿಂತ ಜಾಸ್ತಿ ಇರುವಾಗ, ಅಥವಾ ಇಬ್ಬನಿ ಕೂರೋ ಉಷ್ಣತೆಗಿಂತ ತಗಡು ಕನಿಷ್ಠ 3 ಡಿಗ್ರಿಯಾದರೂ ಬಿಸಿ ಇಲ್ಲದಾಗ ಪೇಂಟ್ ಮಾಡಬಾರದು ಅನ್ನೋದು ಈ ಕ್ಷೇತ್ರದ ಸಾಮಾನ್ಯ ನಿಯಮ. ಮಲೆನಾಡಿನ ಭಾಷೆಯಲ್ಲಿ ಹೇಳೋದಾದರೆ, ಜನವರಿಯಲ್ಲೂ ಬೆಳಗ್ಗೆ ಹನ್ನೊಂದರ ಮೊದಲು ಬ್ರಷ್ ಮುಟ್ಟಬೇಡಿ, ಸಂಜೆ ನಾಲ್ಕರ ಮೇಲೆ ಹೊಸ ಕೋಟ್ ಬೇಡ. ಉಜ್ಜಿ ಹೊಳಪು ಮಾಡಿದ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು. ಅವತ್ತು ಉಜ್ಜಿದ್ದನ್ನು ಅವತ್ತೇ ಪ್ರೈಮರ್ ಮಾಡೋದು ಸರಿ.

ಇವು ಬೇಡ

ಪುಟ್ಟಿಯಿಂದ ತೂತು ಮುಚ್ಚಬೇಡಿ. ಪುಟ್ಟಿ ಇರೋದು ತಗ್ಗು ಸಮ ಮಾಡೋಕೆ. ಅದು ತೇವ ಹೀರುತ್ತದೆ, ಹಿಂದಿನಿಂದ ತುಕ್ಕು ತಳ್ಳಿದಾಗ ಚಕ್ಕೆಯಾಗಿ ಬೀಳುತ್ತದೆ.

ತುಕ್ಕಿನ ಮೇಲೆ ಕಪ್ಪು ಅಂಡರ್ ಕೋಟಿಂಗ್ ಹೊಡೆಸಬೇಡಿ. ಮೊದಲ ದಿನ ಹೊಸ ಗಾಡಿ ಥರ ಕಾಣುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿ ಇಲ್ಲದೆ ಒಳಗೇ ಕೂತು ತಿನ್ನುತ್ತದೆ. ನಿಮಗೆ ಕಾಣೋದೂ ಇಲ್ಲ.

ಮಳೆಗಾಲಕ್ಕೆ ಮುಂಚೆ ಗಾಡಿ ತಳಕ್ಕೆ ವೇಸ್ಟ್ ಆಯಿಲ್ ಹೊಡೆಯೋದು ನಮ್ಮ ಕಡೆ ಹಳೆ ಪದ್ಧತಿ. ಎಣ್ಣೆ ನೀರನ್ನು ತಡೆಯುತ್ತದೆ ಅನ್ನೋದು ನಿಜ. ಆದ್ರೆ ಅದು ರಬ್ಬರ್ ಬುಷ್ ಹಾಳು ಮಾಡುತ್ತದೆ, ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕ್ ಹಿಡಿಯಲ್ಲ, ಉಳಿದದ್ದು ತೊಳೆದು ಹಳ್ಳಕ್ಕೆ ಹೋಗುತ್ತದೆ. ಅದೇ ಹಳ್ಳದ ನೀರು ಕೆಳಗಿನ ಮನೆಯವರ ಬಾವಿಗೆ. ಚಾಸಿಯ ಟೊಳ್ಳಿನೊಳಗೆ ಹೊಡೆಯೋಕೆ ಅಂತಲೇ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಗುತ್ತದೆ, ಅದನ್ನು ಬಳಸಿ.

ಗ್ರೈಂಡರ್ ಹಿಡಿದ ಹುರುಪಲ್ಲಿ ಚಾಸಿ ನಂಬರ್ ಕೆತ್ತಿರೋ ಜಾಗ ಉಜ್ಜಬೇಡಿ. ಎಫ್‌ಸಿಗೆ ಹೋದಾಗ ಅವರು ಮೊದಲು ಹುಡುಕೋದೇ ಅದನ್ನು. ಅಲ್ಲಿಗೆ ಕೈಯಲ್ಲಿ ಮೆಲ್ಲಗೆ ಬ್ರಷ್ ಮಾಡಿ, ಗ್ರೀಸ್ ಹಚ್ಚಿಡಿ. ಹಾಗೇ, ಹೇಗೂ ಬಿಚ್ಚಿದೆ ಅಂತ ಬಾಡಿಯ ಆಕಾರವನ್ನೇ ಬದಲಿಸೋ ಆಸೆ ಬೇಡ. ಆರ್‌ಸಿಯಲ್ಲಿರೋ ವಿವರಕ್ಕೂ ಗಾಡಿಗೂ ತಾಳೆ ಆಗಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿ ಮಾಡಿದೆ.

ದುಡ್ಡಿನ ಲೆಕ್ಕ

ನಮಗೆ ತಗಲಿದ್ದು ಹೀಗೆ. ತಗಡು, ವೆಲ್ಡಿಂಗ್, ಟಿಂಕರಿಂಗ್ ಕೂಲಿ 38 ಸಾವಿರ. ಪ್ರೈಮರ್, ಸೀಲರ್, ಪೇಂಟ್ 17 ಸಾವಿರ. ಬ್ರೇಕ್ ಪೈಪ್, ಬುಷ್ ಮತ್ತು ಮೆಕ್ಯಾನಿಕ್ ಕೆಲಸ 9 ಸಾವಿರ. ಒಟ್ಟು 64 ಸಾವಿರ. ಉಜ್ಜೋದು, ಬಿಚ್ಚೋದು, ಮಾಸ್ಕಿಂಗ್ ಟೇಪ್ ಅಂಟಿಸೋದು ಆರು ವೀಕೆಂಡ್ ನಾನೇ ಮಾಡಿದ್ದರಿಂದ ಕೂಲಿ ಸ್ವಲ್ಪ ಉಳಿಯಿತು. ಆರ್‌ಸಿ ನವೀಕರಣದ ಖರ್ಚು ಬೇರೆ. 2022ರ ಏಪ್ರಿಲ್‌ಗೆ ಮೊದಲು ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಫೀಸು ಆಮೇಲೆ 5000 ಆಯಿತು. ಮೇಲೆ ಹಸಿರು ತೆರಿಗೆ. ನೀವು ಹೋಗೋ ಮುಂಚೆ ಇವತ್ತಿನ ದರ ವಿಚಾರಿಸಿಕೊಳ್ಳಿ.

64 ಸಾವಿರಕ್ಕೆ ಜೀಪಿನ ಮಾರುಕಟ್ಟೆ ಬೆಲೆ ಅಷ್ಟೇ ಏರಲ್ಲ. ಮಾರೋ ಲೆಕ್ಕದಲ್ಲಿ ನೋಡಿದರೆ ಇದು ನಷ್ಟ. ಬಳಸೋ ಲೆಕ್ಕ ಬೇರೆ. ಐದು ಮಳೆಗಾಲಕ್ಕೆ ಭಾಗಿಸಿದರೆ ವರ್ಷಕ್ಕೆ 13 ಸಾವಿರಕ್ಕಿಂತ ಕಡಿಮೆ. ಹೊಸ ಗಾಡಿಯ ಇಎಂಐ ಒಂದು ತಿಂಗಳಿಗೇ ಅಷ್ಟಾಗುತ್ತದೆ. ನಿಮ್ಮ ಮನೆಗೆ ಡಾಂಬರು ರಸ್ತೆ ಇದ್ದರೆ, ಜೀಪು ಕೊಟ್ಟಿಗೆಯಲ್ಲಿ ಬರೀ ನಿಂತಿದ್ದರೆ, ಈ ಲೆಕ್ಕ ಉಲ್ಟಾ ಆಗಬಹುದು. ಆಗ ಓಡಿಸೋ ಯಾರಿಗಾದರೂ ಕೊಡೋದೇ ಗಾಡಿಗೂ ಒಳ್ಳೆಯದು.

ಪ್ರತಿ ವರ್ಷದ ಪಾಠ

ಎರಡು ಮಳೆಗಾಲದ ನಂತರ ರಿಪೋರ್ಟ್: ಫ್ಲೋರ್, ಅಡ್ಡಪಟ್ಟಿ ಗಟ್ಟಿ. ಮಡ್‌ಗಾರ್ಡ್ ಪರವಾಗಿಲ್ಲ. ಹಿಂದಿನ ಬಾಗಿಲ ಕೆಳ ಮಡಿಕೆಯಲ್ಲಿ ತುಕ್ಕು ಮತ್ತೆ ಬಂದಿದೆ. ಅಲ್ಲಿ ಎರಡು ತಗಡು ಮಡಚಿಕೊಂಡಿವೆ, ಒಳಗೆ ಬ್ರಷ್ ಹೋಗಲ್ಲ. "ಅದು ಬರ್ತದೆ, ವರ್ಷ ವರ್ಷ ನೋಡ್ಕೊಳ್ಬೇಕು," ಅಂತ ಟಿಂಕರಿಂಗ್ ಅಣ್ಣ ಮೊದಲೇ ಹೇಳಿದ್ದರು. ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ರಿಲೀಸ್ ಆದ ಮೇಲೆ ಮುಗೀತು ಅನ್ನೋ ಪ್ರಾಡಕ್ಟ್ ಯಾವುದಿದೆ?

ಈಗ ನಮ್ಮನೆ ನಿಯಮ ನಾಲ್ಕು. ಮೇ ತಿಂಗಳಲ್ಲಿ ಮ್ಯಾಟ್ ತೆಗೆದು ಅಟ್ಟಕ್ಕೆ, ಮಳೆಗಾಲ ಪೂರ್ತಿ ಬರೀ ಫ್ಲೋರ್. ನೀರು ಹೋಗೋ ತೂತುಗಳನ್ನು ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸೋದು. ಮೈಲುತುತ್ತ, ಪೊಟ್ಯಾಷ್ ಏನೇ ಹೇರಿದರೂ ಅಡಿಯಲ್ಲಿ ಪ್ಲಾಸ್ಟಿಕ್ ಟ್ರೇ, ಇಳಿಸಿದ ದಿನವೇ ಫ್ಲೋರಿಗೆ ನೀರು. ಗಾಡಿ ನಿಲ್ಲಿಸೋದು ಗಾಳಿಯಾಡೋ ಮಾಡಿನಡಿ, ಮೈಗೆ ಅಂಟಿಕೊಳ್ಳೋ ಟಾರ್ಪಾಲಿನ್ ಬೇಡ, ಅದರೊಳಗೆ ಬೆವರುತ್ತದೆ.

ಈ ನಿಯಮ ಪಾಲಿಸೋದು ನಾನಲ್ಲ, ಅಪ್ಪ. ಅವರಿಗೀಗ 67. ಮೊದಲ ವರ್ಷ "ನಿಂದೊಂದು ತುಕ್ಕಿನ ಹುಚ್ಚು" ಅನ್ನುತ್ತಿದ್ದರು. ಈಗ ತಿಂಗಳಿಗೊಮ್ಮೆ ಜೀಪಿನ ತಳದ ಫೋಟೋ ವಾಟ್ಸಾಪಲ್ಲಿ ಕಳಿಸುತ್ತಾರೆ. ಕೆಳಗೊಂದು ಸಾಲು: "ಇದು ಕೆಸರಾ, ತುಕ್ಕಾ, ನೋಡು." ಈ ಜುಲೈನಲ್ಲಿ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಕರಕೊಂಡು ಹೋಗಬೇಕಾಯಿತು. ನನಗೆ ಗೊತ್ತಾದದ್ದು ಮರುದಿನ ಬೆಳಗ್ಗೆ, ಎಲ್ಲ ಸರಿಹೋದ ಮೇಲೆ. "ಹಳ್ಳದಲ್ಲಿ ನೀರು ಫ್ಲೋರ್ ಮಟ್ಟಕ್ಕೆ ಇತ್ತು. ಒಳಗೆ ಒಂದು ಹನಿ ಬರ್ಲಿಲ್ಲ," ಅಂದರು ಅಪ್ಪ ಫೋನಲ್ಲಿ. ಅಮ್ಮನ ವಿಷಯಕ್ಕಿಂತ ಮೊದಲು ಅದನ್ನೇ ಹೇಳಿದರು ಅಂತ ಅಮ್ಮನಿಗೆ ಇನ್ನೂ ಸಿಟ್ಟಿದೆ.

ದೀಪಾವಳಿಗೆ ಊರಿಗೆ ಹೋಗೋರು ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮ್ಯಾಟ್ ಎತ್ತಿ, ಟಾರ್ಚ್ ಹಾಕಿ, ಚಾಸಿಗೆ ಸುತ್ತಿಗೆ ಬಡಿದು ನೋಡಿ. ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಣ ಹವೆ ಸಿಗುತ್ತದೆ, ಒಳ್ಳೆ ಟಿಂಕರ್ ಬೇಕಾದರೆ ಈಗಲೇ ಹೇಳಿಡಬೇಕು. ಮುಂದಿನ ಅಂಕಣದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ವಿಷಯ ಬರೆಯುತ್ತೇನೆ.